ಭಾವನ ಕರ್ಸರ್ ಕಾಯಿದೆ

ನಮ್ಮ ಭಾವನನ್ನು ಮದುವೆಯಾಗಿಯೂ ಇನ್ನೂ ನಗುತ್ತಿರುವ ನನ್ನ ಅಕ್ಕನಿಗೆ ಯಾರಾದರೂ ಪ್ರಶಸ್ತಿ ಕೊಡಬೇಕು! ಮನೆಯಲ್ಲಿ ಅವಳ ಪಾಡು, ಆಫೀಸಿನಲ್ಲಿ ನನ್ನ ಪಾಡು. ರಾಮನಗರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಗಳಿಗೆ ಪ್ರೋಗ್ರಾಂ ಬರೆದುಕೊಡುವ ಪುಟ್ಟ ಕಂಪನಿಯಲ್ಲಿ ಅವರು ಹಿರಿಯರು, ನಾನು ಕೈಕೆಳಗಿನವಳು.

ಕರ್ಸರ್ ಅಂದರೆ ಡೇಟಾಬೇಸಿನ ಸಾಲುಗಳ ಮೇಲೆ ಒಂದೊಂದಾಗಿ ಇಟ್ಟು ಓದುವ ಬೆರಳು, ಅಷ್ಟೇ. ಎಂಥ ಸಾಲು ಬರುತ್ತದೆಂದು ಮೊದಲೇ ಹೇಳಿಟ್ಟರೆ ಬಿಗಿ ಕರ್ಸರ್. ಬಂದದ್ದು ಬರಲಿ ಎಂದರೆ ಸಡಿಲ ಕರ್ಸರ್. ಸಡಿಲದ್ದು ಬರೆದವರಿಗೆ ಭಾವನ ಹತ್ತಿರ ಕ್ಷಮೆಯಿಲ್ಲ. ಒಮ್ಮೆ ಎಲ್ಲರೆದುರೇ ನನ್ನ ಮೇಲೆ ಕೂಗಿದರು: "ಏನಮ್ಮಿ, ಇದೇನ್ ಕರ್ಸರಾ, ಛತ್ರವಾ? ಯಾರ್ ಬೇಕಾದ್ರೂ ಬಂದ್ ಮಲಗಬೋದಾ?"

ಮನೆಯಲ್ಲೂ ಇದೇ ಕಾಯಿದೆ. ಅಕ್ಕ "ಒಸಿ ಸಾಮಾನ್ ತನ್ನಿ" ಎಂದರೆ ಆಸಾಮಿ ಕದಲುವುದಿಲ್ಲ.

"ಸಾಮಾನು ಅಂದ್ರೆ? ಬಗೆ ಹೇಳು."

"ತಿನ್ನೋ ಬಗೆ ಕಣ್ರೀ!" ಎಂದು ಒಮ್ಮೆ ಅಕ್ಕ ಚೀಲ ಎಸೆದಳು. ಚನ್ನಪಟ್ಟಣದ ಪೇಟೆಯವರೆಗೆ ಹೋಗಿ, ಖಾಲಿ ಚೀಲದೊಂದಿಗೆ ವಾಪಸ್ ಬಂದು, "ಕಾರವಾ, ಸಿಹಿಯಾ?" ಎಂದರು ಮಹಾರಾಯರು!

ಆಫೀಸಿನಲ್ಲಿ ಹಳದಿ ಗೂಡಿಗೂ ಬಿಳಿ ಗೂಡಿಗೂ ಭಾವ ಬೇರೆ ಬೇರೆ ಬಿಗಿ ಕರ್ಸರ್ ಇಟ್ಟಿದ್ದರು. ಎರಡನ್ನೂ ಒಂದೇ ಸಡಿಲ ಕರ್ಸರಿಗೆ ತುಂಬಿದರೆ ಕೆಲಸ ಬೇಗ ಮುಗಿಯುತ್ತದೆಂದು ಮಾಲೀಕರ ಅಳಿಯನಿಗೆ ಜ್ಞಾನೋದಯವಾಯಿತು. "ಬ್ಯಾಡಿ ಸಾರ್, ಎರಡರ ಕಾಲಮ್ಮು ಬೇರೆ ಬೇರೆ" ಎಂದ ಭಾವನ ಮಾತು ಯಾರಿಗೆ ಬೇಕಿತ್ತು? ಮರುದಿನ ಬಿಳಿ ಗೂಡಿನ ತೂಕ ದರದ ಜಾಗದಲ್ಲಿ ಕೂತಿತು. ಕನಕಪುರ, ಮಾಗಡಿಯಿಂದ ಗೂಡು ತಂದ ರೈತರು ದರದ ಬೋರ್ಡು ನೋಡಿ ವ್ಯಾಪಾರಿಯ ಮೇಲೆ ರೇಗಿದರು, ವ್ಯಾಪಾರಿ ನಮ್ಮ ಮೇಲೆ.

ಮಾಲೀಕರು ಅಳಿಯನನ್ನು ಬೈಯುವುದುಂಟೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! "ಸೀನಿಯರ್ ನೀವು, ಜವಾಬ್ದಾರಿ ನಿಮ್ದು. ನಾಳೆಯಿಂದ ಬರಬೇಡಿ" ಎಂದು ಭಾವನಿಗೆ ಹೇಳಿದರು. ಅಳಿಯ ಮೊಬೈಲ್ ನೋಡುತ್ತಾ ಕೂತಿದ್ದ.

ಭಾವ ಎದ್ದು ಹೋದರೇ? ಇಲ್ಲ. ಅದೇ ಅಳಿಯನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಸರಿಮಾಡಿಸಿದರು.

"ನಿಮಗ್ಯಾಕೆ ಭಾವ ಈ ಉಸಾಬರಿ?" ಎಂದೆ.

"ಗೂಡು ತಂದೋರು ಬಿಸಿಲಲ್ಲಿ ನಿಂತವ್ರೆ ಕಣಮ್ಮಿ. ರೇಟು ಗೊತ್ತಾಗ್ದೆ ಎಂಗ್ ಮನೆಗೋದಾರು?"

ಸಂಜೆ ನಾನೂ ಭಾವನ ಜೊತೆ ಹೋದೆ. ಮನೆ ಬಾಗಿಲಲ್ಲಿ ಅಕ್ಕ, "ಯಾಕ್ರೀ, ಮೊಕ ಹಿಂಗೈತೆ?" ಎಂದಳು.

"ಏನಿಲ್ಲ. ಒಸಿ ದಿನ ರಜೆ ಹಾಕಿವ್ನಿ."

"ಯಾವ ರಜೆ? ಎಷ್ಟ್ ದಿನ?"

ಭಾವ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. ಪಾಪ, ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೇ!

"ಮಿಕ್ಕಿರೋ ರಜೆ ಕಣಕ್ಕಾ, ಬೇಜಾನ್ ಐತೆ" ಎಂದೆ ನಾನು.

ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. ಭಾವನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡಳು. ಆ ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.