ಒಂದು ಕಿಲೋಗಿಂತ ಕಡಿಮೆ

ಪವಿತ್ರನ್ ತನ್ನ ಮನೆಯಲ್ಲಿ ಬಿಸಿ ಗಂಜಿ ಉಂಡು ಹನ್ನೊಂದು ವರ್ಷವಾಗಿತ್ತು. ಹೆಂಡತಿ ಶ್ಯಾಮಳಾ ಏಳಕ್ಕೆ ಸರಿಯಾಗಿ ಗಂಜಿ ಇಳಿಸುತ್ತಿದ್ದಳು. ಇವನು ಬರುತ್ತಿದ್ದದ್ದು ಹತ್ತಕ್ಕೆ.

ಇದಕ್ಕೆಲ್ಲ ನಮ್ಮೂರಿನ ವಾಚನಾಲಯವೇ ಕಾರಣ. ಪವಿತ್ರನ್ ಹಗಲೆಲ್ಲ ಮನೆಗಳಿಗೆ ವೈರಿಂಗ್ ಮಾಡುತ್ತಾನೆ, ಸಂಜೆ ಆರಕ್ಕೆ ವಾಚನಾಲಯದ ಬೀಗ ತೆಗೆಯುತ್ತಾನೆ. ಅವನು ಅಲ್ಲಿನ ಕಾರ್ಯದರ್ಶಿ, ಸಂಬಳವಿಲ್ಲ. ಎಂಟಕ್ಕೆ ಓದುಗರು ಎದ್ದುಹೋದ ಮೇಲೆ ನಿಜವಾದ ಕೆಲಸ. ಕೊಟ್ಟ ಪುಸ್ತಕಗಳನ್ನು ಒಂದು ರಿಜಿಸ್ಟರಿನಲ್ಲಿ, ವಾಪಸು ಬಂದವನ್ನು ಇನ್ನೊಂದರಲ್ಲಿ ಬರೆಯಬೇಕು. ಸಭೆಯ ನಡಾವಳಿಯನ್ನು ಕಾರ್ಬನ್ ಇಟ್ಟು ಮೂರು ಪ್ರತಿ ಮಾಡಬೇಕು. ನಮ್ಮ ಸಮಿತಿಯವರು ತಿಂಗಳಿಗೆ ನಾಲ್ಕು ಸಭೆ ಮಾಡುವ ಜನ. ಸತ್ತವರಿಗೆ ಸಂತಾಪ ಸೂಚಿಸಿದರೂ ಅದಕ್ಕೆ ಎರಡು ತಿದ್ದುಪಡಿ ಬರುತ್ತವೆ.

ಹೀಗಿರುವಾಗ ವಾಚನಾಲಯಕ್ಕೊಂದು ಲ್ಯಾಪ್‌ಟಾಪ್ ಕೊಳ್ಳಲು ಇಪ್ಪತ್ತೈದು ಸಾವಿರ ಮಂಜೂರಾಗಿದೆ ಎಂದು ತಾಲೂಕು ಕಚೇರಿಯಿಂದ ಕಾಗದ ಬಂತು. ಪವಿತ್ರನ್ ಒಳಗೊಳಗೇ ಹಿಗ್ಗಿದ. ಚಿಕ್ಕದು, ಹಗುರವಾದದ್ದು ಕೊಂಡರೆ ಎಂಟು ಹೊಡೆಯುವವರೆಗೂ ಕಾಯುವುದೇ ಬೇಡ. ಓದುಗರು ತೆಗೆದ ಪುಸ್ತಕದ ಚೀಟಿಗಳನ್ನು ಜೇಬಿಗೆ ತುರುಕಿ, ಬೀಗದ ಕೈಯನ್ನು ಯಾರಿಗಾದರೂ ಕೊಟ್ಟು, ಲ್ಯಾಪ್‌ಟಾಪನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟು ಏಳಕ್ಕೆ ಮನೆ ಸೇರಬಹುದು. ಬಿಸಿ ಗಂಜಿ ಉಂಡು, ಜಗಲಿಯಲ್ಲಿ ಕಾಲು ಚಾಚಿ, ಅರ್ಧ ಗಂಟೆಯಲ್ಲಿ ಎಲ್ಲ ಬರೆದು ಮುಗಿಸಬಹುದು. ಅಂಥದ್ದೊಂದನ್ನು ಅವನು ಗೊತ್ತುಮಾಡಿಯೂ ಇಟ್ಟಿದ್ದ. ತೂಕ ಒಂಬೈನೂರ ಎಂಬತ್ತು ಗ್ರಾಂ, ಬೆಲೆ ಇಪ್ಪತ್ನಾಲ್ಕು ಸಾವಿರ.

ಈ ಆಸೆಯನ್ನು ಹೆಂಡತಿಯೊಬ್ಬಳಿಗೆ ಹೇಳಿದ. ಸಮಿತಿಗೆ ಹೇಳುವ ಹಾಗಿರಲಿಲ್ಲ. ಹಿಂದೊಮ್ಮೆ ಯಾರೋ ಭಾನುವಾರದ ಪತ್ರಿಕೆಯನ್ನು ಮನೆಗೆ ಒಯ್ದದ್ದಕ್ಕೆ ಮೂರು ವಾರ ವಿಚಾರಣೆ ನಡೆಸಿದ ಸಮಿತಿ ಅದು. ಆದ್ದರಿಂದ ಪವಿತ್ರನ್ ತನ್ನ ಆಸೆಗೆ ಜನಹಿತದ ಅಂಗಿ ತೊಡಿಸಿದ. ಹಗುರವಾದದ್ದಾದರೆ ಜನಕ್ಕೆ ಅನುಕೂಲ ಎಂದ. ಹೇಗೆ ಎಂದು ಕೇಳಿದವರಿಗೆ ಎಲ್ಲ ರೀತಿಯಲ್ಲೂ ಎಂದ.

ಲ್ಯಾಪ್‌ಟಾಪ್ ಬೇಕೇ ಬೇಡವೇ ಎಂಬ ಚರ್ಚೆಯಲ್ಲೇ ಮೂರು ವಾರ ಕಳೆಯಿತು. ತಾಲೂಕು ಕಚೇರಿಗೆ ಬಿಲ್ಲು ಕೊಡಲು ಕೊನೆಯ ದಿನ ಶನಿವಾರ, ಸಂಜೆ ಐದರೊಳಗೆ. ಆ ಶನಿವಾರ ಬೆಳಿಗ್ಗೆ ಪವಿತ್ರನ್ ಒಬ್ಬನೇ ಪಯ್ಯನ್ನೂರು ಪೇಟೆಗೆ ಹೋಗಿ ಲ್ಯಾಪ್‌ಟಾಪ್ ತರುತ್ತೇನೆ ಎಂದು ಹೊರಟರೆ, ಬಸ್‌ಸ್ಟಾಪಿನಲ್ಲಿ ಮೂವರು ಕೊಡೆ ಹಿಡಿದು ನಿಂತಿದ್ದರು: ಅಧ್ಯಕ್ಷರಾದ ನಿವೃತ್ತ ಅಧ್ಯಾಪಕ ಕೇಳು ಮಾಷ್, ಊರಿಗೆಲ್ಲ ಅಕ್ಕನಾದ ಮಹಿಳಾ ಓದುಕೂಟದ ರೋಹಿಣಿ ಚೇಚಿ, ಮತ್ತು ಇಪ್ಪತ್ತೆರಡು ವರ್ಷ ಶಾರ್ಜಾದಲ್ಲಿದ್ದು ಬಂದ ಆಲಿಕ್ಕ. ಆಲಿಕ್ಕ ಇದ್ದದ್ದು ಒಂದು ಚಹಾದಂಗಡಿಯಲ್ಲಿ. ಆದರೆ ಅದರ ಮೇಲಿನ ಮಾಳಿಗೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇತ್ತಂತೆ. ಅಷ್ಟರಿಂದಲೇ ಅವರು ನಮ್ಮೂರಿನ ಸಕಲ ಯಂತ್ರಗಳ ಪಂಡಿತರಾಗಿಬಿಟ್ಟಿದ್ದರು.

ಕಂಪ್ಯೂಟರ್ ಅಂಗಡಿಯ ಹುಡುಗಿ ಪವಿತ್ರನ್ ಹೇಳಿದ ಲ್ಯಾಪ್‌ಟಾಪನ್ನು ತಂದಿಟ್ಟಳು. ಆಲಿಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ, ಮೂರು ದಿನ ಹಳೆಯ ಮೀನನ್ನು ನೋಡುವ ಹಾಗೆ ನೋಡಿದರು.

"ಇದೆಂಥದ್ದೋ ಪವಿತ್ರಾ, ಹಪ್ಪಳ? ಒಳಗೆ ಏನೂ ಇಲ್ಲ ಇದರಲ್ಲಿ. ಅದೇ ದುಡ್ಡಿಗೆ ಅಲ್ಲಿ ಎರಡೂವರೆ ಕಿಲೋದ್ದು ಕೂತಿದೆ. ಒಂದು ಕಿಲೋನೂ ಇಲ್ಲದ್ದನ್ನ ಯಾಕೆ ತಗೋಬೇಕು?"

"ಆಲಿಕ್ಕಾ, ಇದು ಹಲಸಿನಹಣ್ಣಲ್ಲ."

"ಹಣ್ಣಾಗಲಿ ಯಂತ್ರ ಆಗಲಿ, ತೂಕ ಇದ್ರೇನೇ ಮಾಲು. ಶಾರ್ಜಾದಲ್ಲಿ ನಾನು ಕಂಡಿದ್ದೀನಿ."

ಚಾರ್ಜರ್ ಕೊಳ್ಳಲು ಬಂದಿದ್ದ ಅಪರಿಚಿತನೊಬ್ಬ ಹತ್ತಿರ ಬಂದು, ತಾನೂ ಬೇರೊಂದು ವಾಚನಾಲಯದ ಸದಸ್ಯನೆಂದು ಹೇಳಿ, ಮಾತಾಡಲು ಎರಡು ನಿಮಿಷ ಕೇಳಿದ. ಕೇಳು ಮಾಷ್ ಕೊಟ್ಟರು. ಅವನು ಹನ್ನೆರಡು ನಿಮಿಷ ಮಾತಾಡಿ, ಯಾವ ಕಡೆಗೂ ವಾಲದೆ, ಚಾರ್ಜರನ್ನೂ ಕೊಳ್ಳದೆ ಹೋದ.

ಈಗ ರೋಹಿಣಿ ಚೇಚಿ ಲ್ಯಾಪ್‌ಟಾಪಿನ ಹತ್ತಿರ ಬಂದರು. ಕೇಳಿದರು, "ಕರೆಂಟ್ ಹೋದ್ರೆ ಎಷ್ಟು ಹೊತ್ತು ನಡೆಯುತ್ತೆ ಪವಿತ್ರಾ?"

"ಹತ್ತು ಗಂಟೆ ಚೇಚಿ."

"ಹೊತ್ಕೊಂಡು ನಡೆದ್ರೆ ಕೈ ನೋಯಲ್ವಾ?"

ತನ್ನ ಕಡೆಗೊಂದು ಓಟು ಬರುತ್ತಿದೆ ಎಂದು ಪವಿತ್ರನಿಗೆ ಹುರುಪು ಬಂತು. "ಇದನ್ನ ಒಂದೇ ಕೈಯಲ್ಲಿ ಹಿಡ್ಕೊಂಡು ಊರೆಲ್ಲ ಸುತ್ತಬಹುದು. ಕೈಲಿ ಏನೋ ಇದೆ ಅಂತಾನೂ ಗೊತ್ತಾಗಲ್ಲ."

"ಹಾಗಾದ್ರೆ ಸುತ್ತಿ ತೋರಿಸು," ಎಂದರು ಆಲಿಕ್ಕ. "ಬಸ್‌ಸ್ಟ್ಯಾಂಡಿನ ತನಕ ಹೋಗಿ ಬಾ. ಒಂದೇ ಕೈ. ಬದಲಾಯಿಸಬಾರದು."

ಉಳಿದವರು ಬಾಯಿ ಮುಚ್ಚಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳು ಮಾಷ್ ಇದು ಒಳ್ಳೆಯ ಪರೀಕ್ಷೆ ಎಂದು ತೀರ್ಪು ಕೊಟ್ಟರು. ಅಂಗಡಿಯ ಹುಡುಗಿ ಯಜಮಾನನಿಗೆ ಫೋನು ಮಾಡಿದಳು. ಆತ, ನೀನೂ ಜೊತೆಗೇ ಹೋಗು, ಕಣ್ಣು ತಪ್ಪಿಸಬೇಡ ಎಂದ.

ಮೆರವಣಿಗೆ ಹೊರಟಿತು. ಮುಂದೆ ಪವಿತ್ರನ್, ಅಂಗೈ ಮೇಲೆ ಲ್ಯಾಪ್‌ಟಾಪ್ ಎತ್ತಿ ಹಿಡಿದು, ಹೋಟೆಲಿನವನು ದೋಸೆಯ ತಟ್ಟೆ ಒಯ್ಯುವ ಹಾಗೆ. ಸಣ್ಣಗೆ ಮಳೆ ಹನಿಯುತ್ತಿತ್ತು, ರೋಹಿಣಿ ಚೇಚಿ ಲ್ಯಾಪ್‌ಟಾಪಿಗೆ ಕೊಡೆ ಹಿಡಿದರು. ಹಿಂದೆ ಕೈ ನಡುಗುತ್ತದೆಯೇ ಎಂದು ನೋಡುತ್ತ ಆಲಿಕ್ಕ, ಅವರ ಹಿಂದೆ ಕೇಳು ಮಾಷ್, ಕೊನೆಗೆ ಅಳುಮೋರೆ ಹಾಕಿಕೊಂಡ ಅಂಗಡಿಯ ಹುಡುಗಿ.

ನಮ್ಮ ಕಡೆ ಐದು ಜನ ಸಾಲಾಗಿ ರಸ್ತೆಯ ಎಡಬದಿಯಲ್ಲಿ ನಡೆದರೆ ಆರನೆಯವನು ತಾನಾಗಿ ಬಂದು ಸೇರುತ್ತಾನೆ. ಯಾಕೆಂದು ಕೇಳುವುದು ಆಮೇಲೆ. ಅಂಚೆ ಕಚೇರಿ ದಾಟುವಾಗ ಹನ್ನೊಂದು ಜನರಾದರು. ಹಣ್ಣಿನಂಗಡಿಯ ತಿರುವಿನಲ್ಲಿ ಒಬ್ಬ ಜಿಂದಾಬಾದ್ ಕೂಗಿದ. ಯಾರಿಗೆ ಎಂದು ಹೇಳಲಿಲ್ಲ, ಉಳಿದವರೂ ಕೇಳಲಿಲ್ಲ, ಕೂಗಿದರು. ಬಸ್‌ಸ್ಟ್ಯಾಂಡ್ ಮುಟ್ಟುವಾಗ ನಲವತ್ತು ಜನರಿದ್ದರು, ದಾರಿ ಸಿಗದೆ ಎರಡು ಬಸ್ಸು ನಿಂತಿದ್ದವು.

ಪೊಲೀಸಿನವನೊಬ್ಬ ಬಂದು ನಾಯಕ ಯಾರು ಎಂದು ಕೇಳಿದ. ನಲವತ್ತೂ ಬೆರಳು ಪವಿತ್ರನ ಕಡೆ ತಿರುಗಿದವು.

"ಬೇಡಿಕೆ ಏನು?" ಎಂದ ಪೊಲೀಸ್.

"ಬೇಡಿಕೆ ಏನಿಲ್ಲ ಸಾರ್. ಇದು ಹಗುರ ಇದೆ ಅಂತ ತೋರಿಸ್ತಾ ಇದ್ದೆ."

"ಯಾರಿಗೆ?"

ಪವಿತ್ರನ್ ಆಲಿಕ್ಕನ ಕಡೆ ನೋಡಿದ. ಆಲಿಕ್ಕ ಬಸ್ಸಿನ ಬೋರ್ಡು ಓದುತ್ತಿದ್ದರು. ಅಷ್ಟು ಜನ ಸೇರಿ ಒಂದು ಭಾಷಣವೂ ಇಲ್ಲದೆ ಚದುರುವುದು ಕೇಳು ಮಾಷರಿಗೆ ಸರಿಕಾಣಲಿಲ್ಲ. ಅವರು ಟಿಕೆಟ್ ಕೌಂಟರಿನ ಮೆಟ್ಟಿಲು ಹತ್ತಿ ಓದುವ ಹವ್ಯಾಸದ ಮೇಲೆ ಮಾತಾಡತೊಡಗಿದರು. ಅನುಮತಿ ಇಲ್ಲದೆ ಜಾಥಾ ಮಾಡಿದ್ದಕ್ಕೆ ಪವಿತ್ರನ್ ಠಾಣೆಗೆ ಹೋಗಿ ವಿವರಣೆ ಬರೆದುಕೊಡಬೇಕಾಯಿತು. ಕೈಬರಹದಲ್ಲಿ, ಎರಡು ಪ್ರತಿ. ಲ್ಯಾಪ್‌ಟಾಪನ್ನು ಬಿಟ್ಟಿರಲಾರದೆ ಅಂಗಡಿಯ ಹುಡುಗಿಯೂ ಠಾಣೆಯ ಬೆಂಚಿನಲ್ಲಿ ಕೂತಳು.

ಗಂಟೆ ನಾಲ್ಕಾಯಿತು. ಕೊನೆಗೆ ಠಾಣೆಯ ಎಸ್ಸೈ ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡು ಮೇಲೆ ಕೆಳಗೆ ಆಡಿಸಿ, "ಹಗುರ ಇದೆ ಕಣ್ರೀ. ಎಷ್ಟು ಇದಕ್ಕೆ? ಮಗಳಿಗೆ ಬೇಕಿತ್ತು," ಎಂದರು. ಸಿಕ್ಕಿದ್ದೇ ಸಮಯವೆಂದು ಹುಡುಗಿ ಬೆಲೆ ಹೇಳಿದಳು. ಎಸ್ಸೈ ಒಪ್ಪಿದ ಮೇಲೆ ಆಲಿಕ್ಕನೂ ಒಪ್ಪಿದರು. ಅಂಗಡಿಗೆ ಓಡಿ, ಬಿಲ್ಲು ಮಾಡಿಸಿ, ಆಟೋ ಹಿಡಿದು ತಾಲೂಕು ಕಚೇರಿ ಮುಟ್ಟಿದಾಗ ಐದಕ್ಕೆ ನಾಲ್ಕು ನಿಮಿಷವಿತ್ತು.

ಸಂಜೆ ಆರಕ್ಕೆ ವಾಚನಾಲಯದಲ್ಲಿ ಸಭೆ. ಪವಿತ್ರನ ಮುಖ ಹಬ್ಬದ ದಿನದ ಹಾಗಿತ್ತು. ಖರೀದಿಗೆ ಒಪ್ಪಿಗೆ ಎಂದು ಬರೆದು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು ಕೂತಿದ್ದ. ಆಗ ರೋಹಿಣಿ ಚೇಚಿ ಎದ್ದು ನಿಂತು ಕೈಚೀಲದಿಂದ ಒಂದು ಕಾಗದದ ಕಟ್ಟು ತೆಗೆದರು.

"ಇದು ನಮ್ಮ ವಾರ್ಡಿನ ನೂರೆಂಬತ್ತು ಮನೆ ಹೆಂಗಸರ ಅರ್ಜಿ. ಪಿಂಚಣಿ ಫಾರಂ, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ಹಾಲ್‌ಟಿಕೆಟ್ಟು, ಇದಕ್ಕೆಲ್ಲ ಪೇಟೆಗೆ ಅಲೆದು ಸಾಕಾಗಿದೆ. ಲ್ಯಾಪ್‌ಟಾಪ್ ಮನೆಮನೆಗೆ ಬರಲಿ ಅಂತ ಕೇಳಿದ್ದಾರೆ. ಭಾರದ್ದು ಕೊಂಡಿದ್ರೆ ನಾನು ಇದನ್ನ ಹೊರಗೇ ತೆಗೀತಿರ್ಲಿಲ್ಲ. ಪಾಪ, ಯಾರು ಹೊರ್ತಾರೆ? ಈಗ ಪವಿತ್ರನೇ ನಡೆದು ತೋರಿಸಿದಾನಲ್ಲ."

ಪವಿತ್ರನ್ ಆಲಿಕ್ಕನ ಕಡೆ ಆಸೆಯಿಂದ ನೋಡಿದ. ಆ ಮನುಷ್ಯ ಯಾವುದನ್ನೂ ಒಂದೇ ಸಲಕ್ಕೆ ಒಪ್ಪಿದವರಲ್ಲ.

"ನಾನು ಹಿಂದೇನೇ ಇದ್ದೆ," ಎಂದರು ಆಲಿಕ್ಕ. "ಕೈ ಒಂದಿಷ್ಟೂ ನಡುಗ್ಲಿಲ್ಲ. ಇದಕ್ಕೆ ನನ್ನ ಅನುಮೋದನೆ ಇದೆ."

ಕೇಳು ಮಾಷ್ ವಾಚನಾಲಯದ ಬಾಗಿಲನ್ನು ಇನ್ನು ತಾವೇ ತೆಗೆಯುವುದಾಗಿ ಹೇಳಿದರು. ಕಾರ್ಯದರ್ಶಿ ದಿನಕ್ಕೆ ಆರು ಮನೆಯಂತೆ, ಆರೂವರೆಯಿಂದ ಎಂಟೂವರೆಯವರೆಗೆ ಮನೆಗಿಪ್ಪತ್ತು ನಿಮಿಷ ಸುತ್ತಿ, ಆಮೇಲೆ ಬಂದು ರಿಜಿಸ್ಟರುಗಳನ್ನು ಬರೆದರೆ ಸಾಕು. ಲ್ಯಾಪ್‌ಟಾಪಿನಲ್ಲಿ ಬೇಡ, ಅದು ಜನರದ್ದು. ನಮ್ಮ ವಾಚನಾಲಯದಲ್ಲಿ ತಿದ್ದುಪಡಿ ಇಲ್ಲದೆ ಪಾಸಾದ ಗೊತ್ತುವಳಿ ಅದೊಂದೇ. ಹನ್ನೊಂದು ವರ್ಷದ ರೂಢಿಯಿಂದ ಪವಿತ್ರನ ಕೈಯೂ ತಾನಾಗಿ ಮೇಲೆ ಹೋಯಿತು.

ನಡಾವಳಿಗೆ ಕಾರ್ಬನ್ ಇಡುತ್ತ ಅವನು ಅರ್ಜಿ ತಿರುವಿ ನೋಡಿದ. ಮೊದಲ ಸಹಿ ಶ್ಯಾಮಳಾಳದ್ದು. ಹೊರಗೆ ಬಂದು ಫೋನು ಮಾಡಿದ.

"ನೀನು ಯಾಕೆ ಹಾಕಿದೆ ಸಹಿ?"

"ಹಗುರದ್ದು ಕೊಂಡ್ರೆ ಲ್ಯಾಪ್‌ಟಾಪ್ ಮನೆಗೆ ಬರುತ್ತೆ ಅಂದ್ರು ರೋಹಿಣಿ ಚೇಚಿ," ಎಂದಳು ಶ್ಯಾಮಳಾ. "ಅದರ ಜೊತೆ ನೀವೂ ಬರ್ತೀರಲ್ಲ ಅಂತ ಹಾಕಿದೆ. ಗಂಜಿ ಇಳಿಸ್ತಾ ಇದ್ದೀನಿ. ಯಾವಾಗ ಬರ್ತೀರಿ?"

ಮಾಷ್ ಆಗಲೇ ಹೊರಗಿನ ಗೋಡೆಗೆ ಅಂಟಿಸಿದ್ದ ಸರದಿಯ ಪಟ್ಟಿಯಲ್ಲಿ ಪವಿತ್ರನ್ ತನ್ನ ಮನೆಯ ನಂಬರು ಹುಡುಕಿದ.

"ಮುಂದಿನ ತಿಂಗಳು ಒಂಬತ್ತನೇ ತಾರೀಕಿಗೆ," ಎಂದ. "ಏಳು ಹತ್ತಕ್ಕೆ ಬರ್ತೀನಿ. ಗಂಜಿ ಬಡಿಸಿಟ್ಟಿರು. ಏಳೂವರೆಗೆ ಪಕ್ಕದ ಮನೇಲಿ ಇರ್ಬೇಕು."