ಬಾಳೆಗೊನೆ ಕಾದ ವಿಮರ್ಶಕರು

ಆಟದ ನಿಯಮ ಶುರುವಿನಲ್ಲೇ ಬರೆದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ತೀರ್ಥಹಳ್ಳಿಯ ಶ್ರೀನಾಥರಂತೂ ಓದುವ ಪೈಕಿಯೇ ಅಲ್ಲ. ತಾಳಮದ್ದಲೆ ಮುಗಿದ ಮೇಲೆ ಪಾತ್ರದ ಮಾತಾಡಿದ ಅರ್ಥಧಾರಿಗೆ ಅವನ ತಪ್ಪು ತಿಳಿಸದೆ ಚಪ್ಪಲಿ ಮೆಟ್ಟಿದವರಲ್ಲ ಅವರು. (ಅರ್ಧ ಪ್ರಸಂಗಕ್ಕೆ ತಾವೇ ತೂಕಡಿಸಿರುತ್ತಾರೆ, ಅದು ಬೇರೆ ಮಾತು.)

ಇಂಥವರ ಕೈಗೆ ಮಗಳು ಧೃತಿ ಮೊಬೈಲ್ ಕೊಟ್ಟಳು. ಅವಳೇ ಮಾಡಿದ ಪುಟ್ಟ ವಿಡಿಯೋ ಗೇಮ್: ಒಂದು ಹೆಂಚಿನ ಮಾಡು, ಒಂದು ಮಂಗ, ಹಿತ್ತಲಲ್ಲಿ ಬಾಳೆಗೊನೆ, ಕವಣೆಕಲ್ಲು ಬೀಸುವ ಒಬ್ಬ ಮುದುಕ. ಸೋಮವಾರ ಕಾಲೇಜಿನ ಪ್ರದರ್ಶನಕ್ಕೆ ಇಡಬೇಕು.

"ಅಪ್ಪಾ, ಆಡಿ ನೋಡಿ ಇದ್ದದ್ದು ಇದ್ದ ಹಾಗೆ ಹೇಳು. ಚೆನ್ನಾಗಿಲ್ದಿದ್ರೆ ಇಡೋದಿಲ್ಲ," ಎಂದಳು.

ಶ್ರೀನಾಥರು ಕನ್ನಡಕ ಏರಿಸಿ ಬಾಣದ ಗುರುತು ಒತ್ತಿದರು. ಮಂಗ ಗೊನೆಯತ್ತ ಹೊರಟಿತು. ತೋಟ ಹಾಳುಮಾಡುವ ಮಂಗಗಳ ಮೇಲಿನ ಮೂರು ತಲೆಮಾರಿನ ಸಿಟ್ಟು ಹೆಬ್ಬೆರಳಿಗಿಳಿಯಿತು. ಮಂಗವನ್ನು ತಿರುಗಿಸಿ ಕಾಡಿಗಟ್ಟಿದರು. ಪರದೆಯ ಮೇಲೆ 'ಸೋತಿರಿ' ಎಂದು ಬಂತು. ಮತ್ತೆ ಅಟ್ಟಿದರು, ಮತ್ತೆ ಸೋತರು. ಬಡಿಸಿಟ್ಟ ಅನ್ನ ಆರುವವರೆಗೂ ಒಂದು ಕಾಯಿಯೂ ಹೋಗದಂತೆ ಗೊನೆ ಕಾದು, ಸೋಲುತ್ತಲೇ ಇದ್ದರು.

ತಪ್ಪು ತಮ್ಮದಿರಬಹುದೆಂಬ ಹೀನ ಯೋಚನೆ ಅವರ ವಂಶದಲ್ಲೇ ಇಲ್ಲ. ಮನೆತನದ ವಾಟ್ಸಾಪ್ ಗ್ರೂಪಿಗೆ, ಆಗುಂಬೆಯಿಂದ ಸಾಗರದವರೆಗಿನ ನೆಂಟರೆಲ್ಲ ಕೇಳುವಂತೆ, ತಮ್ಮ ದಿವ್ಯವಾಣಿಯನ್ನು ರೆಕಾರ್ಡ್ ಮಾಡಿ ಕಳಿಸಿಯೇಬಿಟ್ಟರು: "ಇದೂ ಒಂದು ಆಟವಾ? ಗೊನೆ ಉಳಿಸಿದವನನ್ನೇ ಸೋಲಿಸ್ತದೆ. ಮಾಡಿದವರಿಗೆ ತಲೆ ಬೇಡ್ವಾ?"

ಧೃತಿಯ ಮುಖ ಸಣ್ಣದಾಯಿತು. ಪ್ರದರ್ಶನವೂ ಬೇಡ, ಆಟವೂ ಬೇಡ ಎಂದು ಅಳಿಸಲು ಕೂತಳು. ತಾಯಿ ತುಂಗಾ ಸಾರಿನ ಸೌಟು ಹಿಡಿದೇ ಬಂದು ಮೊಬೈಲ್ ಕಸಿದುಕೊಂಡರು. ಶುರುವಿನ ಎರಡು ಸಾಲು ಓದಿ, ಮುದುಕನ ಕಲ್ಲು ತಪ್ಪಿಸಿ ಮಂಗವನ್ನು ಹಾರಿಸಿ, ಗೊನೆ ಮುಟ್ಟಿಸಿದರು. 'ಗೆದ್ದಿರಿ' ಎಂದು ಬಂತು.

"ಅಲ್ಲ ಮಾರಾಯ್ರೆ, ಆ ಮಂಗ ನೀವೇ. ಮುದುಕನ ಕೆಲಸ ನಿಮಗೆ ಯಾರು ಕೊಟ್ಟಿದ್ದು?"

"ನಮ್ಮ ಮನೇಲಿ ಯಾವತ್ತಾದ್ರೂ ಯಾರಾದ್ರೂ ಮಂಗದ ಕಡೆ ಇದ್ರಾ?" ಎಂದು ಶ್ರೀನಾಥರು ಗೊಣಗಿದರು. ಮಗಳಿಗೆ ಒಂದು ಒಳ್ಳೆಯ ಮಾತು ಹೇಳುವುದು ಅವರಿಗೆ ಹೊಳೆಯಲೇ ಇಲ್ಲ. ಅನ್ನ ಆರಿದ್ದಕ್ಕೆ ಹೆಂಡತಿಯ ಮೇಲೆ ಸಿಡುಕಿ ಊಟಕ್ಕೆ ಕೂತರು.

ಧೃತಿ ಆಟ ಅಳಿಸಲಿಲ್ಲ. ಒಂದೇ ಒಂದು ತಿದ್ದುಪಡಿ ಮಾಡಿದಳು. ಸೋಮವಾರ ಶ್ರೀನಾಥರು ಇಸ್ತ್ರಿ ಶರಟು ತೊಟ್ಟು ಪ್ರದರ್ಶನಕ್ಕೆ ಹೋದರೆ, ಅವಳ ಮೇಜಿನ ಮುಂದೆ ಜನವೋ ಜನ. ಮಂಗ ಗೊನೆ ಬಿಟ್ಟು ಕಾಡಿಗೆ ಓಡಿದಾಗಲೆಲ್ಲ ಮೊಬೈಲ್ ಅವರದೇ ದನಿಯಲ್ಲಿ ಗುಡುಗುತ್ತಿತ್ತು: "ಇದೂ ಒಂದು ಆಟವಾ?" ಅದನ್ನು ಕೇಳಲೆಂದೇ ಕಾಲೇಜಿಗೆ ಕಾಲೇಜೇ ಬೇಕಂತಲೇ ಸೋಲುತ್ತಿತ್ತು.

ನಗಬೇಡಿ. ಮಕ್ಕಳು ಮಾಡಿ ತಂದದ್ದನ್ನು ಸರಿಯಾಗಿ ನೋಡುವ ಮೊದಲೇ ನೀವೆಷ್ಟು ಸಲ ತೀರ್ಪು ಕೊಟ್ಟಿಲ್ಲ? ಮೊದಲು ಆ ಎರಡು ಸಾಲು ಓದಿ. ಬಾಯಿ ಆಮೇಲೆ ತೆರೆಯಿರಿ.