ಚೌಕಟ್ಟುರಾಯರ ಮೂರು ಕೋಣೆಯ ಪುಟ

“ಒಂದೇ ಗಂಟೆ ಸಾಕು ಅಕ್ಕಾ! ಮೂರು ಕೋಣೆ ಅರಮನೆ ಕಟ್ಟಿಕೊಡ್ತೀನಿ!” ಎಂದು ಚೌಕಟ್ಟುರಾಯರು ಎದೆ ತಟ್ಟಿಕೊಂಡರು.

ಅಕ್ಕನಿಗೆ ಬೇಕಿದ್ದದ್ದು ಅರಮನೆಯಲ್ಲ, ಹೊಲಿಗೆ ತರಗತಿಗೊಂದು ವೆಬ್ ಪುಟ. ಮರುದಿನ ಸಂಜೆಯೊಳಗೆ ಹತ್ತು ಜನ ಸೇರದಿದ್ದರೆ ತರಗತಿಗೆಂದು ಹಿಡಿದಿಟ್ಟ ಜಾಗ ಬೇರೆಯವರ ಪಾಲು. ರಾಯರಾದರೋ, ಇಪ್ಪತ್ತೈದು ವರ್ಷದ ಹಿಂದೆ ಫ್ರೇಮ್‌ಸೆಟ್ ಎಂಬ ಟ್ಯಾಗ್ ಹಿಡಿದು ಪುಟಗಳನ್ನು ಕೋಣೆ ಕೋಣೆಯಾಗಿ ಸೀಳಿ, ಕಚೇರಿಯಲ್ಲಿ ‘ಚೌಕಟ್ಟು’ ಎಂಬ ಅಡ್ಡಹೆಸರು ಗಳಿಸಿದವರು. ಲೋಕ ಆ ಟ್ಯಾಗನ್ನು ಮೂಲೆಗೆಸೆದು ಎಷ್ಟೋ ಕಾಲವಾಗಿತ್ತು, ರಾಯರು ಎಸೆದಿರಲಿಲ್ಲ.

“ರೀ, ಅದನ್ನ ಈಗ ಯಾರೂ ಬಳಸಲ್ಲ,” ಎಂದಳು ಹೆಂಡತಿ. ಅವಳೂ ಅದೇ ಕಚೇರಿಯವಳು. ರಾಯರ ಪುಟಗಳಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗವಾಗಿತ್ತು. ಮದುವೆಯಾದ ಮೇಲೆ ಸಂಬಳವಿಲ್ಲದೆ ಮುಂದುವರಿಸಿದ್ದಳು.

“ಆನೆ ಇದ್ರೂ ಸಾವಿರ, ಸತ್ರೂ ಸಾವಿರ ಕಣೇ!”

ಮೇಲೆ ಹೆಸರು, ಎಡಕ್ಕೆ ‘ಮುಖಪುಟ’, ‘ಅರ್ಜಿ’ ಎಂದು ಒತ್ತುವ ಪಟ್ಟಿ, ಒತ್ತಿದ್ದು ತೆರೆದುಕೊಳ್ಳಲು ಬಲಕ್ಕೆ ವಿಶಾಲ ಹಜಾರ! ಪುಟ ತೆರೆದುಕೊಂಡಾಗ ರಾಯರ ಕಣ್ಣು ಒದ್ದೆಯಾಯಿತು. ಕುಯ್ಯೋ ಎಂದು ಅಳುತ್ತಿದ್ದ ಮೋಡೆಮ್, ಕಾಲು ಮುರಿದ ಕುರ್ಚಿ, ಬೆನ್ನ ಹಿಂದೆ ನಿಂತು “ಇದು ತಪ್ಪು” ಎಂದಿದ್ದ ದಪ್ಪ ಕನ್ನಡಕದ ಹುಡುಗಿ... ಎಂಥ ಕಾಲ! ಏನು ತಪ್ಪು ಎಂಬುದೊಂದು ಮಾತ್ರ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. “ಲೋ, ಅರ್ಜಿ ಎಡಗಡೆ ಸಂದೀಲಿ ತೆರ್ಕೊಳ್ತಿದೆಯಂತೆ! ಸಾಲಿಗೊಂದೇ ಅಕ್ಷರ! ‘ಮುಖಪುಟ’ ಒತ್ತಿದ್ರೆ ಆ ಸಂದಿಯೊಳಗೇ ಇಡೀ ಪುಟ ಬಂದು ಕೂತ್ಕೊಳ್ಳುತ್ತೆ! ನನ್ನ ಫೋಟೊ ಸಾಸಿವೆಕಾಳಷ್ಟಾಗಿದೆ ಕಣೋ!”

ರಾಯರು ಕಂಪ್ಯೂಟರಿನತ್ತ ಓಡಿದರು. ಒಂದು ಸರಿಮಾಡಿದರೆ ಇನ್ನೊಂದು ಕೆಟ್ಟಿತು. ಕಂಪ್ಯೂಟರಿನಲ್ಲಿ ಸರಿಹೋದದ್ದು ಫೋನಿನಲ್ಲಿ ಇರುವೆ ಸಾಲಾಯಿತು. ಅಕ್ಕನ ತರಗತಿ ಮುಳುಗಿತೆಂದು ತಲೆ ಮೇಲೆ ಕೈಹೊತ್ತು ಕೂತಾಗ, ಸಂಜೆ ಮತ್ತೆ ಫೋನ್.

“ಹತ್ತು ಜನ ಸೇರಿದ್ರು ಕಣೋ!”

“ನೋಡಿದ್ಯಾ! ನಮ್ಮ ಫ್ರೇಮ್‌ಸೆಟ್ಟು...”

“ಒಂಬತ್ತು ಜನಾನ ನಿನ್ನ ಹೆಂಡ್ತಿ ಫೋನ್ ಮಾಡಿ ಸೇರಿಸಿದ್ಲು. ಒಂದೇ ಒಂದು ಅರ್ಜಿ ನಿನ್ನ ಪುಟದಿಂದ ಬಂದಿದೆ.”

ಒಂದಾದರೂ ಬಂತಲ್ಲ! ರಾಯರು ಮೀಸೆ ತಿರುವುತ್ತ ಅದನ್ನು ತೆರೆದರು.

‘ಹೆಸರು: ನಿಮ್ಮ ಹೆಂಡತಿ. ವಿಳಾಸ: ಪಕ್ಕದ ಕೋಣೆ. ವಿಶೇಷ ಸೂಚನೆ: ಮೌಸಿನಿಂದ ನಿಮ್ಮ ಕೋಣೆಗಳ ನಡುವಿನ ಗೋಡೆಯನ್ನು ಪಕ್ಕಕ್ಕೆ ಎಳೆದು, ಜಾಗ ಮಾಡಿಕೊಂಡು ಇದನ್ನು ತುಂಬಿದ್ದೇನೆ. ಯಾವುದು ಯಾವ ಕೋಣೆಯಲ್ಲಿ ತೆರೆಯಬೇಕು ಅಂತ ಬರೆಯುವುದನ್ನೇ ಮರೆತಿದ್ದೀರಿ. ನಿಮ್ಮನ್ನು ಮೊದಲ ಸಲ ಮಾತಾಡಿಸಿದ ದಿನವೂ ಇದನ್ನೇ ಹೇಳಿದ್ದೆ.’